ಮರಿ ಪಾರಿವಾಳಗಳಿಗೆ ದೂರದ ರೇಸ್ ಇಡುವಾಗ, ಗೂಡುಗಳು ಬೇರೆ ಬೇರೆ ಕಡೆ ಇದ್ದರೆ ಗೆದ್ದವರನ್ನು ಹೇಗೆ ತೀರ್ಮಾನಿಸುತ್ತಾರೆ?

ಮೊದಲು ಗೂಡು ಸೇರಿದ ಹಕ್ಕಿಯೇ ಗೆದ್ದಿತು ಅಂತೇನಿಲ್ಲ. ಹಾರಿಬಿಟ್ಟ ಜಾಗದಿಂದ ಪ್ರತಿ ಗೂಡಿಗೂ ಇರುವ ನೇರ ದೂರವನ್ನು ಮೊದಲೇ ಅಳೆದಿಟ್ಟಿರುತ್ತಾರೆ. ಆ ದೂರವನ್ನು ಹಾರಿದ ನಿಮಿಷಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. ಉದಾಹರಣೆಗೆ, 200 ಕಿ.ಮೀ. ದೂರವನ್ನು 160 ನಿಮಿಷದಲ್ಲಿ ಹಾರಿದರೆ ನಿಮಿಷಕ್ಕೆ 1250 ಮೀಟರ್. 210 ಕಿ.ಮೀ.ಗೆ 165 ನಿಮಿಷ ತೆಗೆದುಕೊಂಡದ್ದು ಸುಮಾರು 1273. ಐದು ನಿಮಿಷ ಜಾಸ್ತಿ ಹಾರಿದರೂ ಗೆದ್ದದ್ದು ಇದೇ!

ವಯಸ್ಸಿನ ವಿಷಯದಲ್ಲಿ ಮೋಸ ನಡೆಯುವುದು ಕಷ್ಟ. ಮರಿಗೆ ಒಂದು ವಾರ ಆಗುವಷ್ಟರಲ್ಲಿ ವರ್ಷ, ನಂಬರ್ ಇರುವ ಉಂಗುರವನ್ನು ಕಾಲಿಗೆ ತೊಡಿಸುತ್ತಾರೆ. ಆ ಉಂಗುರಕ್ಕೆ ಬೆಸುಗೆ ಇರಲ್ಲ. ಪಾದ ಬೆಳೆದ ಮೇಲೆ ಅದು ಒಳಗೂ ಹೋಗಲ್ಲ, ಹೊರಗೂ ಬರಲ್ಲ.

ದೂರವನ್ನು ಮಾತ್ರ ಅವಸರದಲ್ಲಿ ಏರಿಸಬೇಡಿ. ಮೊದಲು ನಾಲ್ಕೈದು ಕಿ.ಮೀ., ಆಮೇಲೆ ಹತ್ತು, ಇಪ್ಪತ್ತು, ಐವತ್ತು. ಅಷ್ಟಾದ ಮೇಲೆಯೇ ನೂರರಾಚೆಯ ಮಾತು. ರೇಸ್ ದಿನ ಬೆಳಿಗ್ಗೆಯೇ ಬಿಡಿ, ಕತ್ತಲಾಗುವ ಮುಂಚೆ ಗೂಡು ಸೇರಬೇಕಲ್ವಾ? ದಾರಿಯಲ್ಲಿ ಮಂಜು, ಮಳೆ ಅಥವಾ ಜೋರು ಎದುರುಗಾಳಿ ಇದ್ದರೆ ಸುಮ್ನೆ ಮುಂದೂಡಿ. ಅನುಭವ ಇರುವ ಹಕ್ಕಿ ಹೇಗೋ ದಾರಿ ಹುಡುಕೀತು, ಮರಿಗಳು ಕಳೆದೇ ಹೋಗುತ್ತವೆ.