ಡಿಸೈನ್ ಕೆಲಸದಿಂದ ಡಿಮೆನ್ಶಿಯಾ ರೋಗಿಯ ಮನೆಯವರಿಗೆ ಹೇಗೆ ನೆರವಾಗಬಹುದು?

ಮಂಗಳೂರಿನಲ್ಲಿ ಡಿಸೈನ್ ಸ್ಟುಡಿಯೋ ನಡೆಸುವ ನೀವು, ಈ ಕೆಲಸ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವವರನ್ನು ನೋಡಿಕೊಳ್ಳುವವರಿಗೆ ಉಪಯೋಗವಾಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಉಡುಪಿಯಲ್ಲಿ ಇದೇ ಕಸುಬಿನವಳು. ಅತ್ತೆಯವರನ್ನು ನೋಡಿಕೊಳ್ಳುತ್ತಲೇ ಇದಕ್ಕೆ ಕೈ ಹಾಕಿದೆ.

ಬಚ್ಚಲಿನಿಂದ ಶುರು ಮಾಡಿ. ಬಿಳಿ ಟೈಲ್ಸ್ ನಡುವೆ ಬಿಳಿ ಕಮೋಡ್ ರೋಗಿಗಳಿಗೆ ಬೇಗ ಗೊತ್ತಾಗುವುದಿಲ್ಲ. ಕಡುಬಣ್ಣದ ಸೀಟು ಹಾಕಿಸಿ, ಬಾಗಿಲಿಗೆ ಕಮೋಡಿನದೇ ದೊಡ್ಡ ಚಿತ್ರ ಅಂಟಿಸಿ. ಕಪ್ಪು ಕಾಲೊರಸು ಮಾತ್ರ ಬೇಡ, ಕೆಲವರಿಗೆ ಅದು ಗುಂಡಿಯ ಹಾಗೆ ಕಾಣುತ್ತದೆ, ಹೆಜ್ಜೆ ಇಡಲು ಹೆದರುತ್ತಾರೆ.

ನಮ್ಮ ಕಡೆ ಭಾಷೆಯನ್ನೂ ನೋಡಬೇಕು. ಕಾಯಿಲೆ ಹೆಚ್ಚಾದಂತೆ ಹಲವರು ಮನೆಮಾತಿಗೇ ಮರಳುತ್ತಾರೆ. ಕನ್ನಡಕ್ಕೆ ಸುಮ್ನೆ ಕೂತಿರುತ್ತಿದ್ದ ಅತ್ತೆ, ತುಳುವಿನಲ್ಲಿ "ಒಣಸ್ ಆಂಡಾ?" (ಊಟ ಆಯ್ತಾ?) ಎಂದರೆ ತಿರುಗಿ ನೋಡುತ್ತಿದ್ದರು. ಹಾಗಾಗಿ ತುಳು, ಕೊಂಕಣಿ, ಬ್ಯಾರಿಯಲ್ಲಿ ಮನೆಯವರ ದನಿಯನ್ನೇ ರೆಕಾರ್ಡ್ ಮಾಡಿಕೊಡಿ. ಹಳೇ ಫೋಟೋಗಳ ಆಲ್ಬಮ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ.

ಇದನ್ನೇ ವ್ಯಾಪಾರ ಮಾಡಬೇಡಿ ಅಂತ ನನ್ನ ಅಭಿಪ್ರಾಯ. ಹೊಟ್ಟೆಪಾಡು ಸ್ಟುಡಿಯೋದಿಂದ ನಡೆಯಲಿ. ಈ ಮನೆಗಳಲ್ಲಿ ದುಡ್ಡೆಲ್ಲ ಔಷಧಿಗೆ, ಹೋಂ ನರ್ಸಿಗೆ ಹೋಗಿರುತ್ತದೆ.

ನೋಡಿಕೊಳ್ಳುವವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ವಿಶ್ರಾಂತಿ. ಚಿತ್ರ ಕೊಡಲು ಹೋದಾಗ ಎರಡು ಗಂಟೆ ನೀವೇ ಕೂತು, ಅವರನ್ನು ಹೊರಗೆ ಕಳಿಸಿ. ನೀವು ಮಾಡುವ ಪ್ರತಿ ಹಾಳೆಯ ಕೆಳಗೆ ಹಿರಿಯರ ಸಹಾಯವಾಣಿ 14567, ಮನಸ್ಸು ಸೋತವರಿಗೆ ಟೆಲಿ ಮಾನಸ್ 14416 ಅಂತ ದಪ್ಪಕ್ಷರದಲ್ಲಿ ಹಾಕಿ.