ಊಟ ತಡವಾಗಿ ಬಂದರೂ ಡೆಲಿವರಿಯವರಿಗೆ ಟಿಪ್ ಕೊಡಬೇಕಾ?

ತಡವಾಗಿ ತಂದರೂ ಟಿಪ್ ಕೊಡಬೇಕಾ, ಕೊಟ್ಟರೆ ಬಿಲ್ಲಿನ ಶೇಕಡಾ ಎಷ್ಟು ಅಂತ ಕೇಳಿದ್ದೀರಿ. ‘ತಡವಾಗಿ’ ಅನ್ನೋ ಒಂದು ಪದ ನೋಡಿ ನನಗೆ 2022ರ ಸೆಪ್ಟೆಂಬರ್ 4ರ ರಾತ್ರಿ ಕಣ್ಣ ಮುಂದೆ ಬಂತು.

ಅವತ್ತು ಭಾನುವಾರ. ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಇದ್ದವರು ಯಾರೂ ಆ ಮಳೆಯನ್ನು ಮರೆತಿರಲ್ಲ. ಹೊರ ವರ್ತುಲ ರಸ್ತೆಯಲ್ಲಿ ನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಓಡಾಡಿದರಲ್ಲ, ಅದರ ಹಿಂದಿನ ರಾತ್ರಿ. ನಾವು ಆ ವಾರವೇ ಎಚ್‌ಎಸ್‌ಆರ್ ಲೇಔಟಿನಿಂದ ಹರಳೂರು ರಸ್ತೆಗೆ ಮನೆ ಬದಲಾಯಿಸಿದ್ದೆವು. ಸಿಲಿಂಡರ್ ಇನ್ನೂ ಬಂದಿರಲಿಲ್ಲ. ಊರಿಂದ ಅಪ್ಪ ಬಂದಿದ್ದರು. ಅವರಿಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಏಳೂಮುಕ್ಕಾಲಿಗೆ ಚಪಾತಿ, ಸಾಗು, ಅನ್ನ, ಸಾಂಬಾರ್ ಆರ್ಡರ್ ಮಾಡಿದೆ. ಮಳೆ ಇದೆಯಲ್ಲ ಅಂತ ಆಪ್‌ನಲ್ಲೇ 30 ರೂಪಾಯಿ ಟಿಪ್ ಕೂಡ ಹಾಕಿದೆ.

ಊಟ ಬಂದಿದ್ದು ಒಂಬತ್ತು ಇಪ್ಪತ್ತಕ್ಕೆ. ಹುಡುಗ ತಲೆಯಿಂದ ಕಾಲಿನವರೆಗೆ ನೆನೆದಿದ್ದ. ಸಾಂಬಾರ್ ಅರ್ಧ ಕವರಿನೊಳಗೆ ಚೆಲ್ಲಿತ್ತು. ಅವನು ಏನೋ ಹೇಳೋಕೆ ಬಾಯಿ ತೆಗೆದ. ನಾನು ಕೇಳಿಸಿಕೊಳ್ಳದೆ ಬಾಗಿಲು ಹಾಕಿದೆ. ಅಪ್ಪನಿಗೆ ಬಡಿಸಿದ ಮೇಲೆ ‘ತಡ ಆಯ್ತು, ಚೆಲ್ಲಿದೆ’ ಅಂತ ಕಂಪ್ಲೇಂಟ್ ಹಾಕಿ, ಒಂದು ಸ್ಟಾರ್ ಕೊಟ್ಟೆ. ಎರಡೇ ನಿಮಿಷದಲ್ಲಿ ರೀಫಂಡ್ ಬಂತು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಅದೇ ಹುಡುಗ ಇನ್ನೊಂದು ಆರ್ಡರ್ ತಂದ. ನನ್ನನ್ನು ಗುರುತು ಹಿಡಿದ. ಸಿಂಧನೂರು ಕಡೆಯವನು. ಮೆಲ್ಲಗೆ ಹೇಳಿದ: “ಅವತ್ತ ನಿಮ್ಮ ಪಿನ್ ಎಚ್‌ಎಸ್‌ಆರ್‌ದಾಗ ತೋರಸ್ತಿತ್ರಿ ಸರ. ಅಲ್ಲಿ ನಿಂತು ಮೂರು ಸಲ ಫೋನ್ ಮಾಡೀನ್ರಿ.”

ನನ್ನ ತಪ್ಪು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಲ್ಲಿ ಮನೆ ಬದಲಾಯಿಸುವವರಲ್ಲಿ ಎಷ್ಟೋ ಜನ ಇದನ್ನೇ ಮಾಡುತ್ತಾರೆ. ಆಪ್‌ನಲ್ಲಿ ವಿಳಾಸಕ್ಕೆ ಎರಡು ಭಾಗ ಇರುತ್ತದೆ. ಒಂದು ನಾವು ಟೈಪ್ ಮಾಡುವ ಮನೆ ನಂಬರ್, ಕ್ರಾಸ್, ಮೇನ್. ಇನ್ನೊಂದು ಮ್ಯಾಪ್ ಮೇಲಿನ ಪಿನ್. ನಾನು ಹಳೇ ವಿಳಾಸ ಅಳಿಸಿ ಹೊಸದನ್ನು ಟೈಪ್ ಮಾಡಿದ್ದೆ. ಪಿನ್ ಮುಟ್ಟಿರಲೇ ಇಲ್ಲ. ಗಾಡಿ ಓಡಿಸುವವರಿಗೆ ದಾರಿ ತೋರಿಸುವುದು ಆ ಪಿನ್. ನಾವು ಬರೆದಿದ್ದನ್ನು ಅವರು ಓದುವುದು ಪಿನ್ ಹತ್ತಿರ ಹೋಗಿ, ಮನೆ ಹುಡುಕುವಾಗ. ಅವನು ನನ್ನ ಹಳೇ ಮನೆ ಗೇಟಿನ ಮುಂದೆ ಮಳೆಯಲ್ಲಿ ನಿಂತು ಫೋನ್ ಮಾಡಿದ್ದಾನೆ. ನನ್ನ ಫೋನ್ ಒಳಗಿನ ರೂಮಿನಲ್ಲಿ ಚಾರ್ಜಿಗಿತ್ತು, ಸೈಲೆಂಟ್‌ನಲ್ಲಿ. ಆರ್ಡರ್ ಕ್ಯಾನ್ಸಲ್ ಮಾಡಿಸಿ ಅವನು ಮನೆಗೆ ಹೋಗಬಹುದಿತ್ತು. ಹೋಗದೆ, ಬರೆದ ವಿಳಾಸ ಓದಿಕೊಂಡು, ಸೋಮಸುಂದರಪಾಳ್ಯದ ಕಡೆಯಿಂದ ಮೊಣಕಾಲು ನೀರಲ್ಲಿ ಗಾಡಿ ತಳ್ಳಿಕೊಂಡು ಬಂದಿದ್ದ. ಸಾಂಬಾರ್ ಚೆಲ್ಲದೆ ಇನ್ನೇನಾಗುತ್ತದೆ? ಮಿಸ್ಡ್ ಕಾಲ್ ಮೂರೂ ನನ್ನ ಫೋನಲ್ಲೇ ಇದ್ದವು. ಅವನು ಹೇಳುವವರೆಗೂ ಅದೇ ನಂಬರು ಅಂತ ನನಗೆ ಹೊಳೆದಿರಲಿಲ್ಲ.

ನನ್ನ ಕಂಪ್ಲೇಂಟಿನಿಂದ ಅವನ ಆ ದಿನದ ಇನ್ಸೆಂಟಿವ್ ಹೋಗಿತ್ತಂತೆ. ಐಡಿ ಬ್ಲಾಕ್ ಆಗಿ ಕೆಲಸವೇ ಹೋಗಬಹುದು ಅಂತ ಎರಡು ದಿನ ಹೆದರಿಕೊಂಡೇ ಇದ್ದನಂತೆ. ನಾನು 500ರ ನೋಟು ಹಿಡಿದು ನಿಂತೆ. ಅವನು ಮುಟ್ಟಲಿಲ್ಲ. “ರೊಕ್ಕ ಬ್ಯಾಡ್ರಿ ಸರ. ಪಿನ್ ಸರಿ ಮಾಡ್ರಿ, ಮುಂದ ಬರೋರಿಗೆ ತ್ರಾಸ ಆಗಬಾರ್ದು” ಅಂದು ಇಳಿದು ಹೋದ. ಮತ್ತೆ ಅವನು ಸಿಗಲೇ ಇಲ್ಲ. ಅಪ್ಪ ಇವತ್ತಿಗೂ “ಆ ಹುಡುಗ ಸಿಕ್ಕಿದ್ನೇನೋ?” ಅಂತ ಕೇಳುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ತಡ ಆಯಿತು ಅಂದರೆ ತಂದವರ ತಪ್ಪು ಅಂತ ನೀವು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಹೋಟೆಲಿನ ಅಡುಗೆಮನೆಯಲ್ಲಿ ಅರ್ಧ ಗಂಟೆ ಹೋಗಿರಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಇರಬಹುದು. ನಿಮ್ಮ ಅಪಾರ್ಟ್‌ಮೆಂಟಿನ ಗೇಟಲ್ಲಿ ಸೆಕ್ಯೂರಿಟಿಯವರು ನಿಲ್ಲಿಸಿರಬಹುದು. ಮೊದಲು “ಏನಾಯ್ತು?” ಅಂತ ಕೇಳಿ.

ಶೇಕಡಾ ಲೆಕ್ಕವನ್ನೂ ಬಿಡಿ. 1,200 ರೂಪಾಯಿಯ ಬಿರಿಯಾನಿಗೂ 80 ರೂಪಾಯಿಯ ಮಸಾಲೆ ದೋಸೆಗೂ ಸುಡುವ ಪೆಟ್ರೋಲ್ ಒಂದೇ, ಹತ್ತುವ ಮೆಟ್ಟಿಲೂ ಅಷ್ಟೇ ಅಲ್ವಾ? ನಾನು ನೋಡುವುದು ದೂರ, ಮಳೆ, ಹೊತ್ತು, ಲಿಫ್ಟ್ ಇದೆಯೋ ಇಲ್ಲವೋ. ಸಾಮಾನ್ಯ ದಿನ 20, ಮಳೆಗೆ ಅಥವಾ ರಾತ್ರಿ ಹತ್ತರ ಮೇಲೆ 50. ಕೈಗೆ ಕೊಡುತ್ತೇನೆ. ಚಿಲ್ಲರೆ ಇಲ್ಲದಿದ್ದರೆ ಅವರ ಫೋನಿನ ಕ್ಯೂಆರ್ ಸ್ಕ್ಯಾನ್ ಮಾಡುತ್ತೇನೆ. ಆರ್ಡರ್ ಮಾಡುವಾಗಲೇ ಆಪ್‌ನಲ್ಲಿ ಹಾಕಿದರೆ ನನ್ನ ಮನಸ್ಸು ‘ಕೊಟ್ಟಾಯ್ತಲ್ಲ’ ಅಂದುಬಿಡುತ್ತದೆ. ಅವತ್ತು ಆಗಿದ್ದೂ ಹಾಗೇ. ಆ 30 ರೂಪಾಯಿ ಹಾಕಿದ್ದರಿಂದಲೇ ದಬಾಯಿಸುವ ಹಕ್ಕಿದೆ ಅಂದುಕೊಂಡಿದ್ದೆ.

‘ಕಂಪನಿ ಸಂಬಳ ಕೊಡುತ್ತೆ, ನಾವ್ಯಾಕೆ ಕೊಡಬೇಕು’ ಅಂತಲೂ ಬರೆದಿದ್ದೀರಿ. ಇವರಿಗೆ ತಿಂಗಳ ಸಂಬಳ ಅಂತ ಇಲ್ಲ, ಆರ್ಡರಿಗೆ ಇಷ್ಟು ಅಂತ ಬರುತ್ತದೆ. ಪೆಟ್ರೋಲ್, ಗಾಡಿ ರಿಪೇರಿ ಎಲ್ಲ ಅವರದೇ. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗೆ, ಅಂದರೆ ಹೀಗೆ ಆಪ್ ಮೂಲಕ ಕೆಲಸ ಮಾಡುವವರಿಗೆ, ಒಂದು ಕಾಯ್ದೆ ಬಂತು. ಕೆಲಸಗಾರರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿಗಳು ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಬರೆದು ಕೊಡದೆ, 14 ದಿನ ಮೊದಲು ತಿಳಿಸದೆ ಸುಮ್ನೆ ಕೆಲಸದಿಂದ ತೆಗೆಯುವ ಹಾಗಿಲ್ಲ. 2022ರಲ್ಲಿ ಆ ಹುಡುಗನಿಗೆ ಇದ್ಯಾವುದೂ ಇರಲಿಲ್ಲ. ನನ್ನ ಒಂದು ಸ್ಟಾರ್ ಅವನಿಗೆ ಅಷ್ಟು ಭಾರ ಆಗಿದ್ದು ಅದಕ್ಕೇ.

ಟಿಪ್ ಕೊಡಿ. ಆದರೆ ಇವತ್ತೇ ಆಪ್ ತೆಗೆದು ನಿಮ್ಮ ಪಿನ್ ಎಲ್ಲಿದೆ ನೋಡಿ. ಗೇಟಿನ ಮೇಲೇ ಇಡಿ, ಹಿಂದಿನ ರಸ್ತೆಯಲ್ಲಿ ಬೇಡ. ಆರ್ಡರ್ ಮಾಡಿದ ಮೇಲೆ ಫೋನ್ ಹತ್ತಿರ ಇರಲಿ, ರಿಂಗ್ ಆಗುವ ಹಾಗಿರಲಿ. ಬೇಸಿಗೆಯಲ್ಲಿ ಒಂದು ಲೋಟ ನೀರು ಬೇಕಾ ಅಂತ ಕೇಳಿ, ಬಹಳ ಜನ ಹೂಂ ಅನ್ನುತ್ತಾರೆ. ಹೋಟೆಲಿನವರು ಸರಿಯಾಗಿ ಪ್ಯಾಕ್ ಮಾಡದಿದ್ದರೆ ಹೋಟೆಲಿನ ಮೇಲೆ ಕಂಪ್ಲೇಂಟ್ ಹಾಕಿ, ತಂದವರಿಗೆ ಐದು ಸ್ಟಾರ್ ಕೊಡಿ. ಎರಡಕ್ಕೂ ಬೇರೆ ಬೇರೆ ಜಾಗ ಇರುತ್ತದೆ. ನಾನು ಅವತ್ತು ಅದನ್ನೂ ನೋಡಿರಲಿಲ್ಲ.