ಉಂಗುರ ಬೆರಳಿಗೆ ಬಲ ಬರಲು ಪಿಯಾನೋ ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡಬೇಕು?

ಇಪ್ಪತ್ತಮೂರು ವಯಸ್ಸು, ದಿನಕ್ಕೆ ಐದು ಗಂಟೆ ಅಭ್ಯಾಸ, ಬಲಗೈಯ ಉಂಗುರ ಬೆರಳು ಮಾತು ಕೇಳುತ್ತಿಲ್ಲ. ಬೆರಳಿಗೆ ಬಲ ಕೊಡುವ ಸ್ಪ್ರಿಂಗ್ ಸಾಧನ ತಗೊಳ್ಳಲಾ, ಇಲ್ಲ ಎಂಟು ಗಂಟೆಗೆ ಏರಿಸಲಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: ‘ಮುಂಗೈ ಸ್ವಲ್ಪ ಬಿಗಿಯುತ್ತೆ, ಅದು ಮಾಮೂಲಿ ಅಲ್ವಾ?’

ಅಲ್ಲ. ನಾನು ಬರೆಯಲು ಕೂತದ್ದೇ ಆ ಸಾಲು ನೋಡಿ.

ನನಗಾಗ ಇಪ್ಪತ್ತೆರಡು. ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಆರು ತಿಂಗಳು ಉಳಿದಿತ್ತು. ನುಡಿಸಬೇಕಾದ ಕೃತಿಗಳಲ್ಲಿ ಪಿಯಾನೋ ಸಂಯೋಜಕ ಶೊಪಾನ್‌ನ ಓಪಸ್ 10 ಅನ್ನುವ ಕೃತಿಗುಚ್ಛದ ಎರಡನೇ ಎಟ್ಯೂಡ್ ಇತ್ತು, ಅಂದರೆ ಬೆರಳಿನ ಒಂದು ಕಷ್ಟವನ್ನು ಪಳಗಿಸಲೆಂದೇ ಬರೆದ ಕೃತಿ. ಅದನ್ನು ನುಡಿಸಿದವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ: ಬಲಗೈಯ ಕೊನೆಯ ಮೂರು ಬೆರಳುಗಳು ಮಾತ್ರ ಸೇರಿ ಒಂದೂವರೆ ನಿಮಿಷ ಪಕ್ಕಪಕ್ಕದ ಸ್ವರಗಳ ಮೇಲೆ ಹತ್ತಿ ಇಳಿಯುತ್ತಾ ಓಡಬೇಕು. ಅದೇ ಕೈಯ ಹೆಬ್ಬೆರಳು, ತೋರುಬೆರಳು ಕೆಳಗೆ ಚಿಕ್ಕ ಚಿಕ್ಕ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೇ ನುಡಿಯುವ ಸ್ವರಗಳನ್ನು, ಕುಟ್ಟುತ್ತಿರಬೇಕು. ನನ್ನ ಉಂಗುರ ಬೆರಳು ಪ್ರತಿ ಸಲ ಎಡವುತ್ತಿತ್ತು. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಅದನ್ನೇ ನೀರು ಕುಡಿದ ಹಾಗೆ ನುಡಿಸುತ್ತಿದ್ದಳು. ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ನನ್ನ ಕೋಣೆಯ ಗೋಡೆ ಮೇಲೆ ಹೆಸರಾಂತ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್‌ನ ಪತ್ರದ ಒಂದು ಸಾಲು ಅಂಟಿಸಿಕೊಂಡಿದ್ದೆ. 1832ರಲ್ಲಿ ಪ್ಯಾರಿಸ್‌ನಲ್ಲಿ ಪಗನಿನಿಯ ಪಿಟೀಲು ಕೇಳಿ ಬಂದ ಹುಡುಗ, ಇನ್ನೂ ಇಪ್ಪತ್ತರ ವಯಸ್ಸು, ಗೆಳೆಯನಿಗೆ ಬರೆದದ್ದು. ದಿನಕ್ಕೆ ನಾಲ್ಕೈದು ಗಂಟೆ ಬರೀ ಬೆರಳಿನ ಕಸರತ್ತು ಮಾಡುತ್ತಿದ್ದೇನೆ ಅನ್ನುತ್ತಾನೆ. ಅದೇ ಪತ್ರದಲ್ಲಿ ಹೋಮರ್, ಬೈಬಲ್, ಪ್ಲೇಟೊ, ಬೈರನ್ ಎಲ್ಲ ನನ್ನ ಸುತ್ತಲೂ ಇದ್ದಾರೆ, ಹಗಲಿರುಳು ಓದುತ್ತಿದ್ದೇನೆ ಅಂತಲೂ ಬರೆದಿದ್ದಾನೆ. ಆ ಭಾಗ ನಾನು ಅಂಟಿಸಿರಲಿಲ್ಲ. ಗಂಟೆಯ ಲೆಕ್ಕ ಮಾತ್ರ ಕತ್ತರಿಸಿಕೊಂಡಿದ್ದೆ.

ಈಗ ನಾನು ಮಾಡಿದ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಐದು ಬೆರಳನ್ನೂ ಐದು ಕೀಗಳ ಮೇಲೆ ಇಟ್ಟು ಒತ್ತಿ ಹಿಡಿಯುವುದು. ನಾಲ್ಕನ್ನು ಹಾಗೇ ಬಿಟ್ಟು ಉಂಗುರ ಬೆರಳನ್ನು ಮಾತ್ರ ಆದಷ್ಟು ಎತ್ತರಕ್ಕೆ ಎತ್ತಿ ಕುಟ್ಟುವುದು. ಮತ್ತೆ ಎತ್ತುವುದು. ಬೆಳಗ್ಗೆ ಇನ್ನೂರು ಸಲ. ಆಮೇಲೆ ಐನೂರು. ಪುಸ್ತಕದಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. ಮೊದಲ ಎರಡು ವಾರ ಬೆರಳು ನಿಜವಾಗಿಯೂ ಮೊದಲಿಗಿಂತ ಎತ್ತರಕ್ಕೆ ಏಳತೊಡಗಿತು! ಅದೇ ನನ್ನನ್ನು ಹಾಳು ಮಾಡಿದ್ದು. ಫಲ ಕಾಣುತ್ತಿದೆಯಲ್ಲ ಅಂತ ಸ್ಪ್ರಿಂಗ್ ಸಾಧನವನ್ನೂ ತಂದೆ. ಹೌದು, ನೀವು ಕೇಳಿದಂಥದ್ದೇ. ನಾಲ್ಕನೇ ವಾರ ಕೈಯ ಹಿಂಭಾಗ ಬೆಚ್ಚಗಾಗುತ್ತಿತ್ತು. ಏಳನೇ ವಾರ ಮುಂಗೈ ಮರದ ಹಾಗೆ ಬಿಗಿಯುತ್ತಿತ್ತು. ನನಗದು ಬೆಳವಣಿಗೆಯ ಗುರುತಾಗಿ ಕಂಡಿತು. ಮುಲಾಮು ಹಚ್ಚಿಕೊಂಡು ಮತ್ತೆ ಐನೂರು.

ಇದನ್ನು ಕೇಳಿದವರೆಲ್ಲ ‘ಜಾಸ್ತಿ ಅಭ್ಯಾಸ ಮಾಡಿ ಕೈ ಕೆಡಿಸಿಕೊಂಡ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತಪ್ಪು ಅದಲ್ಲ. ದಿನಕ್ಕೆ ಹತ್ತೇ ನಿಮಿಷ ಮಾಡಿದ್ದರೂ ಅದು ತಪ್ಪು ಕಸರತ್ತೇ. ಯಾಕೆ ಅಂತ ಈಗಲೇ ಮಾಡಿ ನೋಡಿ. ಅಂಗೈ ಮೇಜಿನ ಮೇಲಿಡಿ. ನಡುಬೆರಳನ್ನು ಮಡಚಿ ಅಂಗೈ ಕೆಳಗೆ ತೂರಿಸಿ. ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರ ಬೆರಳು ಮೇಜಿಗೆ ಗೋಂದು ಹಾಕಿದ ಹಾಗೆ ಕೂತಿರುತ್ತದೆ.

ಇದು ಬಲದ ಕೊರತೆಯಲ್ಲ. ಬೆರಳನ್ನು ಎತ್ತುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹಗ್ಗದಂಥ ಎಳೆಗಳು ಕೈಯ ಹಿಂಭಾಗದ ಮೇಲೆ ಹಾದು ಬೆರಳಿಗೆ ಬರುತ್ತವೆ. ನಡುಬೆರಳು, ಉಂಗುರ ಬೆರಳು, ಕಿರುಬೆರಳುಗಳ ಎಳೆಗಳನ್ನು ಅಡ್ಡಪಟ್ಟಿಗಳು ಒಂದಕ್ಕೊಂದು ಕಟ್ಟಿಹಾಕಿವೆ. ಅಕ್ಕಪಕ್ಕದ ಬೆರಳುಗಳನ್ನು ಕೆಳಗೆ ಹಿಡಿದು ಉಂಗುರ ಬೆರಳನ್ನು ಎತ್ತುವುದು ಅಂದರೆ ಗೂಟಕ್ಕೆ ಕಟ್ಟಿದ ಹಸುವನ್ನು ಕೊಂಬು ಹಿಡಿದು ಎಳೆದ ಹಾಗೆ. ಹಸುವಿಗೆ ಶಕ್ತಿ ಇಲ್ಲ ಅಂತಲ್ಲ, ಹಗ್ಗ ಬಿಗಿದಿದೆ. ನಾನು ಮೂರು ತಿಂಗಳು ಎಳೆದದ್ದು ಆ ಹಗ್ಗವನ್ನು.

ಇನ್ನೂ ನಾಚಿಕೆಯ ವಿಷಯ, ಇದನ್ನು ಶೊಪಾನ್ ಆಗಲೇ ಹೇಳಿದ್ದ. ಪಿಯಾನೋ ಕಲಿಸುವ ಪುಸ್ತಕ ಬರೆಯಲು ಹೊರಟು ಟಿಪ್ಪಣಿಗಳಲ್ಲೇ ಬಿಟ್ಟುಹೋದ. ಅದರಲ್ಲಿ ಅವನ ವಾದ ಇಷ್ಟು: ಎಲ್ಲ ಬೆರಳುಗಳನ್ನೂ ಸಮ ಮಾಡಲು ಹೋಗುವುದು ಪ್ರಕೃತಿಗೆ ವಿರುದ್ಧ. ಒಂದೊಂದು ಬೆರಳಿಗೂ ಅದರದೇ ದನಿ ಇದೆ, ಅದನ್ನು ಕೆಡಿಸಬೇಡಿ. ನಾಲ್ಕನೆಯದು, ಅಂದರೆ ಉಂಗುರ ಬೆರಳು, ಮೂರನೆಯದಾದ ನಡುಬೆರಳಿನ ಜೊತೆ ಅಂಟಿ ಹುಟ್ಟಿದ ಅವಳಿ, ಅವನ್ನು ಬೇರ್ಪಡಿಸಲು ಹೊರಡುವುದು ವ್ಯರ್ಥ. ಇದನ್ನು ಬರೆದವನೇ ಆ ಎಟ್ಯೂಡನ್ನೂ ಬರೆದದ್ದು. ಅವನ ಕೃತಿ ನುಡಿಸಲು ಅವನು ಬೇಡ ಅಂದದ್ದನ್ನೇ ನಾನು ದಿನಕ್ಕೆ ಐನೂರು ಸಲ ಮಾಡುತ್ತಿದ್ದೆ.

ಹನ್ನೆರಡನೇ ವಾರ ಒಂದು ಬೆಳಗ್ಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಮೇಷ್ಟ್ರಿಗೆ ಅಲ್ಲಿಯವರೆಗೆ ಒಂದು ಮಾತೂ ಹೇಳಿರಲಿಲ್ಲ. ಪಾಠದ ದಿನ ಬೇರೆ ಕೃತಿ ನುಡಿಸಿ, ಕಷ್ಟದ ಜಾಗದಲ್ಲಿ ಬೆರಳು ಬದಲಿಸಿ ತಪ್ಪಿಸಿಕೊಳ್ಳುತ್ತಿದ್ದೆ. ವೈದ್ಯರು ‘ಮೊದಲು ಎಲ್ಲಿ ನೋವು ಶುರುವಾಯಿತು?’ ಅಂತ ಕೇಳಿದರು. ನನಗೆ ಹೇಳಲಾಗಲಿಲ್ಲ. ನೋವನ್ನು ಗಮನಿಸದೇ ಇರುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದೆ. ಬಲಗೈಗೆ ಹನ್ನೊಂದು ತಿಂಗಳು ಪಿಯಾನೋ ಬಂದ್. ಪರೀಕ್ಷೆ ಹೋಯಿತು.

ಆ ತಿಂಗಳುಗಳಲ್ಲಿ ಕೈ ಕೆಟ್ಟ ಘಟಾನುಘಟಿಗಳ ಕಥೆಗಳನ್ನೇ ಹುಡುಕಿ ಓದಿದೆ. ಶೂಮನ್ ಕಾನೂನು ಓದುವುದನ್ನು ಬಿಟ್ಟು ದೊಡ್ಡ ಪಿಯಾನೋ ವಾದಕನಾಗಲು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಗುರುವಿನ ಮನೆಯಲ್ಲೇ ಉಳಿದವನು. 1832ರ ಹೊತ್ತಿಗೆ ಬಲಗೈ ಬೆರಳು ಕೆಟ್ಟಿತ್ತು. ಅವನೂ ಬೆರಳಿಗೆ ಒಂದು ಯಂತ್ರ ಕಟ್ಟಿಕೊಳ್ಳುತ್ತಿದ್ದ. ಕೆಟ್ಟದ್ದು ಅದರಿಂದಲೇ ಹೌದೋ ಅಲ್ಲವೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ, ಆದರೆ ಯಂತ್ರದಿಂದ ಬೆರಳು ಸರಿಹೋಯಿತು ಅಂತ ಯಾರೂ ವಾದಿಸಿದ್ದಿಲ್ಲ. ರಷ್ಯಾದ ಪಿಯಾನೋ ವಾದಕ, ಸಂಯೋಜಕ ಸ್ಕ್ರಿಯಾಬಿನ್ 1891ರಲ್ಲಿ ಲಿಸ್ಟ್‌ನ ಮತ್ತು ಬಲಾಕಿರೆವ್‌ನ ಭಾರೀ ಕೃತಿಗಳ ಹಿಂದೆ ಬಿದ್ದು ಬಲಗೈ ಕೆಡಿಸಿಕೊಂಡ. ಆಮೇಲೆ ಎಡಗೈಗೆಂದೇ ಓಪಸ್ 9ರ ಎರಡು ಕೃತಿ ಬರೆದ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರದ್ದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತಾರರ ಹರೆಯ, ಹೆಸರು ಎಲ್ಲೆಡೆ. 1964ರ ಸುಮಾರಿಗೆ ಬಲಗೈಯ ಕೊನೆಯ ಎರಡು ಬೆರಳು ತಾವಾಗಿಯೇ ಅಂಗೈ ಕಡೆ ಸುರುಟಿಕೊಳ್ಳತೊಡಗಿದವು. ಎರಡು ಕೈಯಲ್ಲಿ ಮತ್ತೆ ಚೆನ್ನಾಗಿ ನುಡಿಸುವಂತಾಗಲು ಮೂವತ್ತು ವರ್ಷ ಹಿಡಿಯಿತು. ಬೆರಳು ತಪ್ಪಿದಾಗ ತಾವು ಮಾಡಿದ್ದು ಇನ್ನೂ ಜಾಸ್ತಿ ಅಭ್ಯಾಸ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರದು ಮಿದುಳಿಗೆ ಸಂಬಂಧಿಸಿದ ತೊಂದರೆ, ನನ್ನದು ಬರೀ ಊತ. ಅದೃಷ್ಟ, ಅಷ್ಟೇ.

ಆ ಹೊತ್ತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂಟಿ ಪಿಟೀಲಿಗೆ ಬಾಖ್ ಬರೆದ ಶಕಾನ್ ಅನ್ನುವ ಕೃತಿ, ಸಂಯೋಜಕ ಬ್ರಾಮ್ಸ್ ಅದನ್ನು ಪಿಯಾನೋದ ಎಡಗೈ ಒಂದಕ್ಕೇ ಒಗ್ಗಿಸಿದ ರೂಪದಲ್ಲಿ. 1877ರಲ್ಲಿ ಅವನು ಅದನ್ನು ಶೂಮನ್‌ನ ಹೆಂಡತಿ, ಪಿಯಾನೋ ವಾದಕಿ ಕ್ಲಾರಾಗೆ ಕಳಿಸಿದಾಗ ಆಕೆಗೆ ಬಲಗೈ ನೋವು! ಇವನಿಗೆ ಅದು ಗೊತ್ತೇ ಇರಲಿಲ್ಲ. ನಾನದನ್ನು ನುಡಿಸಿದ್ದು ಕೆಟ್ಟದಾಗಿ, ಆದರೆ ದಿನಾ ನುಡಿಸಿದೆ.

ವಾಪಸ್ ಬಂದಾಗ ಮೇಷ್ಟ್ರು ಆ ಎಟ್ಯೂಡನ್ನೇ ತೆರೆಸಿದರು. ಎರಡು ಸಾಲು ಕೇಳಿ ‘ನಿನ್ನ ಹೆಬ್ಬೆರಳು ನೋಡಿಕೋ’ ಅಂದರು. ನೋಡಿದೆ. ಪ್ರತಿ ಕಾರ್ಡ್ ಆದ ಮೇಲೂ ಹೆಬ್ಬೆರಳು ಕೀಯನ್ನು ಇಕ್ಕಳದ ಹಾಗೆ ಹಿಡಿದುಕೊಂಡೇ ಇತ್ತು. ಪಿಯಾನೋದ ಕೀ ಕೆಳಗಿಳಿಯುವುದು ಸುಮಾರು ಹತ್ತು ಮಿಲಿಮೀಟರ್. ತಳ ಮುಟ್ಟುವ ಸ್ವಲ್ಪ ಮೊದಲೇ ಒಳಗಿನ ಸುತ್ತಿಗೆ ಕೀಯಿಂದ ಬಿಡಿಸಿಕೊಂಡು ತಂತಿಯ ಕಡೆಗೆ ಹಾರಿಹೋಗುತ್ತದೆ. ಆಮೇಲೆ ಎಷ್ಟು ಅದುಮಿದರೂ ಆ ಸ್ವರಕ್ಕೆ ಏನೂ ಸೇರುವುದಿಲ್ಲ. ನಾನು ಅದುಮುತ್ತಿದ್ದೆ. ಹೆಬ್ಬೆರಳು ಬಿಗಿದರೆ ಇಡೀ ಕೈ ಬಿಗಿಯುತ್ತದೆ, ಆಗ ಎಡವುವುದು ಉಂಗುರ ಬೆರಳು. ಕಳ್ಳ ಒಬ್ಬ, ಒದೆ ತಿಂದದ್ದು ಇನ್ನೊಬ್ಬ. ಕಾರ್ಡ್ ಮುಟ್ಟಿದ ಕೂಡಲೇ ಹೆಬ್ಬೆರಳನ್ನು ಸಡಿಲ ಬಿಡುವುದು, ಮೇಲಿನ ಬೆರಳುಗಳನ್ನು ಎತ್ತದೆ ಕೀಗೆ ತಾಗಿಸಿಕೊಂಡೇ ಇರುವುದು, ಬೆರಳು ಹೋದ ಕಡೆ ಮಣಿಕಟ್ಟೂ ಮುಂಗೈಯೂ ಹಿಂದೆ ಬರುವುದು. ಇಷ್ಟಕ್ಕೆ ಆರು ವಾರ ಸಾಕಾಯಿತು. ದಿನಕ್ಕೆ ನಲವತ್ತು ನಿಮಿಷ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಲ ಬೇಕಾದ ಬೆರಳು ಅಂತ ಒಂದಿಲ್ಲ. ಗಂಟೆ ಏರಿಸಬೇಡಿ, ಇಳಿಸಿ. ಶೊಪಾನ್ ಶಿಷ್ಯರಿಗೆ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಬೇಡ ಅನ್ನುತ್ತಿದ್ದ, ನನ್ನ ಪ್ರಕಾರ ಆ ಮಿತಿ ಸರಿ. ಎಂಟು ಗಂಟೆ ಕೂತು ಏನೂ ಆಗದವರೂ ಇದ್ದಾರೆ, ನಿಜ. ಅವರ ಹೆಬ್ಬೆರಳು ಸಡಿಲ ಇರುತ್ತದೆ. ಮುಂಗೈ ಬಿಗಿತದ ವಿಷಯ ಮಾತ್ರ ಮುಂದಿನ ಪಾಠದಲ್ಲೇ ನಿಮ್ಮ ಟೀಚರ್ ಮುಂದೆ ಬಾಯಿಬಿಟ್ಟು ಹೇಳಿ, ಹೇಳುವ ಮೊದಲು ನುಡಿಸಿ ತೋರಿಸಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಬೆರಳು ಜುಮ್ಮೆಂದರೆ, ತಾನಾಗಿ ಸುರುಟಿದರೆ, ಸಂಗೀತಗಾರರ ಕೈ ನೋಡಿ ಗೊತ್ತಿರುವ ವೈದ್ಯರ ಬಳಿ ಹೋಗಿ. ಇಪ್ಪತ್ತಮೂರಕ್ಕೆ ತಡವಾಯಿತಾ ಅನ್ನುವ ಚಿಂತೆಯನ್ನಂತೂ ಬಿಡಿ. ದೊಡ್ಡ ಪಿಯಾನೋ ವಾದಕ ರಿಕ್ಟರ್ 1937ರಲ್ಲಿ ಮಾಸ್ಕೋದಲ್ಲಿ ನೈಗೌಸ್ ಅನ್ನುವ ಗುರುವಿನ ಬಳಿ ಕಲಿಯಲು ಸೇರಿದಾಗ ಅವರಿಗೆ ಇಪ್ಪತ್ತೆರಡು, ಅಲ್ಲಿಯವರೆಗೆ ಹೆಚ್ಚುಕಡಿಮೆ ಸ್ವಂತವಾಗಿ ಕಲಿತದ್ದು.

ಆ ಎಟ್ಯೂಡ್‌ಗೆ ಶೊಪಾನ್ ಬರೆದ ವೇಗ ನಿಮಿಷಕ್ಕೆ 144 ತಾಳ. ನಾನು ಈಗ 120ರಲ್ಲಿ ನುಡಿಸುತ್ತೇನೆ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಆ ಸ್ಪ್ರಿಂಗ್ ಸಾಧನ ಪಿಯಾನೋ ಸ್ಟೂಲಿನ ಪೆಟ್ಟಿಗೆಯಲ್ಲಿ ಇನ್ನೂ ಬಿದ್ದಿದೆ. ಯಾರಾದರೂ ಕೇಳಿದರೆ ತೋರಿಸುತ್ತೇನೆ, ಕೊಡುವುದಿಲ್ಲ.